ಹಂದಿ ನೋಡುವ ಆಲ್ವಿನೆ

ಮೂವತ್ತಾರು ತುಂಬುವವರೆಗೆ ಆಲ್ವಿನೆ ಟ್ರೌಟ್‌ಫೆಟರ್ ಗೊಂಬೆಗಳಿಗೆ ಕಣ್ಣು ಬರೆದೇ ಹೊಟ್ಟೆ ಹೊರೆದವಳು. ತುರಿಂಗಿಯದ ಕಾಡುಗುಡ್ಡಗಳ ನಡುವಿನ ಟಾನ್‌ಗ್ರುಂಟ್ ಎಂಬ ಊರಿನಲ್ಲಿ ಅದೇನೂ ವಿಶೇಷದ ಕೆಲಸವಲ್ಲ. ಒಂದು ಮನೆಯಲ್ಲಿ ಗೊಂಬೆಯ ತಲೆಯನ್ನು ಅಚ್ಚಿಗೆ ಹೊಯ್ದರೆ ಇನ್ನೊಂದು ಮನೆಯಲ್ಲಿ ಕೂದಲು ಅಂಟಿಸುತ್ತಿದ್ದರು, ಮತ್ತೊಂದರಲ್ಲಿ ಅಂಗಿ ಹೊಲಿಯುತ್ತಿದ್ದರು. ಆಲ್ವಿನೆಯ ಪಾಲಿಗೆ ಬಂದದ್ದು ಕಣ್ಣು ಮತ್ತು ಹುಬ್ಬು. ಕಿಟಕಿಯ ಪಕ್ಕ ಕೂತು, ಎಳೆ ಕುಂಚದ ತುದಿಯಲ್ಲಿ ಒಂದೊಂದೇ ರೆಪ್ಪೆ ಎಳೆಯುತ್ತಿದ್ದಳು. ಬುಟ್ಟಿ ತುಂಬಿದಾಗ ಬೆನ್ನಿಗೆ ಕಟ್ಟಿಕೊಂಡು ಇಳಿಜಾರಿನ ದಾರಿಯಲ್ಲಿ ಪಟ್ಟಣದ ವ್ಯಾಪಾರಿಗೆ ಒಪ್ಪಿಸಿ ಬರುತ್ತಿದ್ದಳು.

ಅವಳ ಅಪ್ಪ ಸ್ಲೇಟುಕಲ್ಲಿನ ಗಣಿಯ ದೂಳು ಕುಡಿದು ಎದೆಯ ಬೇನೆ ಹತ್ತಿ ಸತ್ತಿದ್ದ. ಅಮ್ಮ ಅವನ ಹಿಂದೆಯೇ ಹೋಗಿದ್ದಳು. ಆಮೇಲೆ ಅವಳನ್ನು ಸಾಕಿದವನು ಸೋದರಮಾವ ಟ್ರೌಗೊಟ್ ಸಿಟ್ಸ್‌ಮನ್. ಅವನು ಮದುವೆಯಾಗಿರಲಿಲ್ಲ, ಇವಳೂ ಆಗಲಿಲ್ಲ. ಒಂದೇ ಸೂರಿನ ಕೆಳಗೆ, ಕೆಳಗಿನ ಕೋಣೆಯಲ್ಲಿ ಮಾವನ ಕ್ಷೌರದಂಗಡಿ, ಮೇಲಿನ ಕೋಣೆಯಲ್ಲಿ ಇವಳ ಗೊಂಬೆತಲೆಗಳು. ಬಾಗಿಲ ಮೇಲೆ ಕ್ಷೌರಿಕರ ಗುರುತಾದ ಎರಡು ಹಿತ್ತಾಳೆ ಬಟ್ಟಲುಗಳು ಗಾಳಿಗೆ ತಾಗಿ ಸದ್ದು ಮಾಡುತ್ತಿದ್ದವು.

ಟ್ರೌಗೊಟ್‌ಗೆ ಕತ್ತರಿಯ ಕೆಲಸದ ಜೊತೆಗೆ ಸರ್ಕಾರ ಕೊಟ್ಟ ಇನ್ನೊಂದು ಕೆಲಸವೂ ಇತ್ತು. ಊರಿನಲ್ಲಿ ಯಾರೇ ಹಂದಿ ಕಡಿದರೂ ಅದರ ಮಾಂಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹುಳುವಿಲ್ಲ ಎಂದು ನೀಲಿ ಮುದ್ರೆ ಒತ್ತಬೇಕಾದವನು ಅವನೇ. ಆ ಸೀಮೆಯ ಜನಕ್ಕೆ ಹಂದಿ ಕಡಿದ ದಿನ ಬಿಸಿ ಆರುವ ಮುಂಚೆಯೇ ಹಸಿ ಮಾಂಸವನ್ನು ನುಣ್ಣಗೆ ಕೊಚ್ಚಿ, ಉಪ್ಪು, ಮೆಣಸು, ಈರುಳ್ಳಿ ಬೆರೆಸಿ, ರೈ ಬ್ರೆಡ್ಡಿನ ಮೇಲೆ ಬಳಿದು ತಿನ್ನದಿದ್ದರೆ ಹಬ್ಬ ಆದಂತೆಯೇ ಅಲ್ಲ. ಆದರೆ ಬರಿಗಣ್ಣಿಗೆ ಕಾಣದ ಒಂದು ಹುಳು ಆ ಮಾಂಸದಲ್ಲಿ ಸುತ್ತಿಕೊಂಡು ಮಲಗಿದ್ದರೆ ಮುಗಿಯಿತು. ತಿಂದವರ ಮೈಯೊಳಗೆ ಅದು ಮರಿ ಹಾಕುತ್ತದೆ, ಮರಿಗಳು ಸ್ನಾಯುಗಳನ್ನು ಕೊರೆದುಕೊಂಡು ಹೋಗುತ್ತವೆ. ಮುಖ ಊದುತ್ತದೆ, ಜ್ವರ ಬರುತ್ತದೆ, ಕೊನೆಗೆ ಉಸಿರಾಡಲೂ ಎದೆಗೆ ಶಕ್ತಿಯಿಲ್ಲದೆ ಹೋಗುತ್ತದೆ. ಹಾಗಾಗಿ ಮುದ್ರೆ ಬೀಳುವ ತನಕ ಒಂದು ಚೂರೂ ಬಾಯಿಗೆ ಹೋಗುವಂತಿರಲಿಲ್ಲ. ಚಳಿಗಾಲದ ಬೆಳಗುಗಳಲ್ಲಿ ಇಡೀ ಮನೆಯ ಹಸಿವು ಟ್ರೌಗೊಟ್‌ನ ದಾರಿ ಕಾಯುತ್ತಿತ್ತು.

ಸಾವಿರದ ಒಂಬೈನೂರ ಎಂಟರ ನವೆಂಬರಿನಲ್ಲಿ ಅವನು ಮಂಜುಗಡ್ಡೆಯ ಮೇಲೆ ಜಾರಿ ಮಂಡಿ ಉಳುಕಿಸಿಕೊಂಡ. ಸೂಕ್ಷ್ಮದರ್ಶಕದ ಮರದ ಪೆಟ್ಟಿಗೆ ಹೊರಲು ಆಲ್ವಿನೆ ಜೊತೆಗೆ ಹೊರಟಳು. ಸೌದೆ ಕಡಿಯುವವನೊಬ್ಬನ ಮನೆ. ಅಂಗಳದಲ್ಲಿ ಹಂದಿಯನ್ನು ಏಣಿಗೆ ತೂಗುಹಾಕಿದ್ದರು. ಟ್ರೌಗೊಟ್ ನಾಲಿಗೆಯಿಂದ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನಿಂದ ಗೋಧಿಕಾಳಿನಷ್ಟು ಚೂರುಗಳನ್ನು ಕತ್ತರಿಸಿ, ಎರಡು ದಪ್ಪ ಗಾಜುಗಳ ನಡುವೆ ಸಾಲಾಗಿ ಇಟ್ಟು, ತಿರುಪು ಬಿಗಿದ. ಗಾಜನ್ನು ಮಸೂರದ ಕೆಳಗೆ ತಳ್ಳಿ ಬಗ್ಗಿ ನೋಡತೊಡಗಿದ. ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತರು.

ಆಲ್ವಿನೆ ಅವನ ಪಕ್ಕದಲ್ಲೇ ಇದ್ದಳು. ಬೆಳಕಿನ ವಿಷಯದಲ್ಲಿ ಅವಳ ಕಣ್ಣು ಬಲು ಚುರುಕು. ಆ ಉಪಕರಣದ ಕೆಳಗೆ ಒಂದು ಪುಟ್ಟ ಕನ್ನಡಿ ಇತ್ತು. ಅದು ಕಿಟಕಿಯ ಬೆಳಕನ್ನು ಹಿಡಿದು ಮೇಲಕ್ಕೆ ಕಳಿಸಬೇಕು. ಕನ್ನಡಿ ಗೋಡೆಯ ಕಡೆ ತಿರುಗಿತ್ತು. ಮಾವ ಕತ್ತಲೆಯೊಳಕ್ಕೆ ಕಣ್ಣಿಟ್ಟು ಗಾಜನ್ನು ಮೆಲ್ಲಗೆ ಸರಿಸುತ್ತಿದ್ದ, ತಲೆಯಾಡಿಸುತ್ತಿದ್ದ, ಮತ್ತೆ ಸರಿಸುತ್ತಿದ್ದ.

"ಮಾವ, ನಂಗೂ ಒಂಚೂರು ತೋರ್ಸು" ಎಂದು ನಗುತ್ತಲೇ ಬಗ್ಗಿ, ಯಾರಿಗೂ ತಿಳಿಯದಂತೆ ಕನ್ನಡಿ ತಿರುಗಿಸಿ ನೋಡಿದಳು. ಕೆಂಪು ನಾರುಗಳು, ಬಾಚಿದ ಕೂದಲಿನ ಹಾಗೆ. ಹುಳು ಹೇಗಿರುತ್ತದೆಂದು ಅವಳಿಗೇನು ಗೊತ್ತು? ಅಷ್ಟರಲ್ಲಿ ಮಾವ ಮುದ್ರೆ ಒತ್ತಿಯೂ ಆಗಿತ್ತು. ಮನೆಯವರು ಗೆಲುವಿನಿಂದ ಬ್ರೆಡ್ಡು ಕೊಯ್ದರು. ಹೊಟ್ಟೆ ಸರಿಯಿಲ್ಲವೆಂದು ಆಲ್ವಿನೆ ಏನೂ ಮುಟ್ಟಲಿಲ್ಲ. ಆ ಮನೆಯ ಕೂಸು ಬೆರಳು ಚೀಪುತ್ತಾ ತಿನ್ನುವುದನ್ನು ನೋಡುತ್ತಾ ನಿಂತಳು. ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಕೇಳಿದಳು.

"ಮಾವ, ಕನ್ನಡಿ ಗೋಡೆ ಕಡೆ ತಿರುಗಿತ್ತು."

"ಯಾವ ಕನ್ನಡಿ?"

"ದುರ್ಬೀನಿನ ಕೆಳಗಿಂದು. ಬೆಳಕೇ ಇರ್ಲಿಲ್ಲ. ನೀನು ಬರೀ ಕತ್ತಲೆ ನೋಡ್ತಾ ಕೂತಿದ್ದೆ."

"ಗೊಂಬೆ ಕಣ್ಣು ಬರೆಯೋಳು ನಂಗೆ ಪಾಠ ಹೇಳೋಕೆ ಬರ್ಬೇಡ. ಬಾಯಿ ಮುಚ್ಕೊಂಡು ಕಾಲು ನೋಡ್ಕೊಂಡು ನಡಿ" ಎಂದು ಮಾವ ಸಿಡುಕಿದ. ಮುಂದಿನ ಹೆಜ್ಜೆಯಲ್ಲೇ ಅವನೇ ಬೇಲಿಗೆ ಹೋಗಿ ಡಿಕ್ಕಿ ಹೊಡೆದ.

ಮಾರನೆಯ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಅವನೇ ಅವಳನ್ನು ಕರೆದ. ಕ್ಷೌರದ ಕುರ್ಚಿಯಲ್ಲಿ ತಾನೇ ಗಿರಾಕಿಯ ಹಾಗೆ ಕೂತಿದ್ದ.

"ಎಡಗಣ್ಣು ಹೋಗಿ ಎರಡು ಚಳಿಗಾಲ ಆಯ್ತು ಕಣೆ. ಬಲಗಣ್ಣಲ್ಲಿ ಹಾಲು ಚೆಲ್ಲಿದ ಹಾಗೆ."

"ಎರಡು ಚಳಿಗಾಲ" ಎಂದಳು ಆಲ್ವಿನೆ.

"ಈ ಮುದ್ರೆ ಕೆಲ್ಸ ಬಿಟ್ರೆ ಏನು ಮಾಡ್ಲಿ ಹೇಳು. ಈ ಕಣ್ಣಲ್ಲಿ ಕತ್ತಿ ಹಿಡೀಲಾ? ಎಶ್ರಿಖ್‌ನ ಕಿವಿ ನೋಡಿದ್ಯಲ್ಲ."

ಎಶ್ರಿಖ್ ಊರಿನ ಬಿಯರ್ ಅಂಗಡಿಯ ಯಜಮಾನ. ಆ ಶರತ್ಕಾಲದಲ್ಲಿ ಅವನ ಕಿವಿಯ ಹಾಲೆಗೆ ಟ್ರೌಗೊಟ್‌ನ ಕತ್ತಿ ತಾಗಿ ರಕ್ತ ಸುರಿದಿತ್ತು.

"ಅವನು ಕುಡಿದು ಅಲುಗಾಡಿದ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ ನೀನು."

"ಅವನು ಕಲ್ಲಿನ ಥರ ಕೂತಿದ್ದ, ಪಾಪ" ಎಂದ ಮಾವ.

ಇಬ್ಬರಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಆಮೇಲೆ ಅವನು ತನ್ನ ತಾಯಿಯ ವಿಷಯ ಹೇಳಿದ. ಅಂಥ ಪರೀಕ್ಷೆಗಳೇ ಇಲ್ಲದ ಕಾಲ. ಒಂದು ಮದುವೆಮನೆಗೆ ಮಾಂಸ ಕೊಚ್ಚಲು ಹೋದವಳು ಉಪ್ಪು ಸಾಕೋ ಎಂದು ನಾಲಿಗೆಗೆ ಹಚ್ಚಿ ನೋಡಿದ್ದಳಂತೆ. ಅವಳೂ ಆ ಮದುವೆಯಲ್ಲಿ ಉಂಡ ಹಲವರೂ ಮುಂದಿನ ಈಸ್ಟರ್ ಹಬ್ಬ ಕಾಣಲಿಲ್ಲ. "ಅದಕ್ಕೇ ಈ ಕೆಲ್ಸ ಹಿಡಿದಿದ್ದು ನಾನು. ಈಗ ನೋಡಿದ್ರೆ ನಾನೇ..." ಎಂದು ಅಲ್ಲಿಗೇ ನಿಲ್ಲಿಸಿ, ಚರ್ಮದ ಪಟ್ಟಿಗೆ ಕತ್ತಿ ಮಸೆಯತೊಡಗಿದ. ಆ ಕತ್ತಿ ಆಗಲೇ ಮಸೆದಿತ್ತು.

ಮಾರ್ಚಿ ತಿಂಗಳಲ್ಲಿ ಜಿಲ್ಲಾ ಪಶುವೈದ್ಯರ ಮುಂದೆ ಅವನಿಗೆ ಮರುಪರೀಕ್ಷೆ ಇತ್ತು. ಅಲ್ಲಿಯವರೆಗೆ ಹೇಗೋ ತಳ್ಳಿ, ವಯಸ್ಸಾಯಿತೆಂದು ಮರ್ಯಾದೆಯಿಂದ ಬಿಟ್ಟುಬಿಡುತ್ತೇನೆ ಎಂದ. ಹಾಗಾದರೆ ಮುದ್ರೆ ನಿನ್ನದು, ನೋಟ ನನ್ನದು ಎಂದಳು ಆಲ್ವಿನೆ. ಕಲಿಕೆಯ ಕಾಲದಿಂದ ಅವನು ಕಾಪಾಡಿಟ್ಟಿದ್ದ ಒಂದು ಗಾಜಿನ ಚೂರಿನಲ್ಲಿ ಹುಳು ಇತ್ತು. ಅದನ್ನು ಹಿಡಿದು ಕಲಿಸಿದ. ಕಾಣದವನು ಕಲಿಸುವುದು, ಕಂಡವಳು ವರ್ಣಿಸುವುದು. "ನಿಂಬೆಬೀಜದ ಆಕಾರ ಮಾವ, ಒಳಗೆ ಗಡಿಯಾರದ ಸ್ಪ್ರಿಂಗಿನ ಥರ ಸುತ್ಕೊಂಡಿದೆ." "ಸರಿ. ಈಗ ಅದನ್ನ ಬಿಟ್ಟು ಬೇರೆ ಗಾಜು ನೋಡು. ಕೊಬ್ಬಿನ ಹನಿ, ಗಾಳಿಗುಳ್ಳೆ, ಎಲ್ಲಾ ಹುಳು ಥರಾನೇ ಕಾಣ್ತಾವೆ. ಮೋಸ ಹೋಗ್ಬೇಡ."

ಅಂದಿನಿಂದ ಮನೆಮನೆಯಲ್ಲೂ ಒಂದು ನಾಟಕ ನಡೆಯಿತು. ಟ್ರೌಗೊಟ್ ಮೊದಲು ಬಗ್ಗಿ ನೋಡಿದಂತೆ ಮಾಡುವುದು, ಕಣ್ಣು ಉಜ್ಜಿಕೊಂಡು "ಹುಡುಗಿಗೂ ಕುತೂಹಲ, ನೋಡ್ಲಿ" ಎನ್ನುವುದು. ಜನ ನಗುತ್ತಿದ್ದರು. ಆಲ್ವಿನೆ ಒಂದೊಂದು ಚೂರನ್ನೂ ಸಾಲು ಬಿಡದೆ ನೋಡಿ ಮುಗಿಸಿ, ಮಾವನ ತೋಳು ಮುಟ್ಟುತ್ತಿದ್ದಳು. ಆಮೇಲೆ ಮುದ್ರೆ. ತಾನು ಮಾಡುತ್ತಿರುವುದು ಕಳ್ಳತನವೇ ಎಂದು ಅವಳಿಗೆ ಗೊತ್ತಿತ್ತು. ಆದರೆ ಯಾರಾದರೂ ನೋಡುತ್ತಿದ್ದಾರಲ್ಲ ಎಂಬ ಸಮಾಧಾನವೂ ಇತ್ತು. ವಿಚಿತ್ರವೆಂದರೆ ಆ ಕೆಲಸ ಅವಳಿಗೆ ಹಿಡಿಸಿಬಿಟ್ಟಿತು. ಗೊಂಬೆಗೆ ಎಷ್ಟು ಕಣ್ಣು ಬರೆದರೂ ಅವು ಏನನ್ನೂ ನೋಡುತ್ತಿರಲಿಲ್ಲ.

ಜನವರಿಯ ಕೊನೆಯಲ್ಲಿ ಎಶ್ರಿಖ್ ಹಂದಿ ಕಡಿಸಿದ. ಬಿಯರ್ ಅಂಗಡಿಯ ಹಂದಿ ಎಂದರೆ ಅರ್ಧ ಊರಿನ ಊಟ. ಬಾಗಿಲಿಗೆ ಬಿಳಿ ಏಪ್ರನ್ ಕಟ್ಟಿದ ಕುರ್ಚಿ ಇಟ್ಟಿದ್ದರು, ಇವತ್ತು ಹಬ್ಬ ಎಂಬುದರ ಗುರುತಿಗೆ. ಬೆಂಚುಗಳೆಲ್ಲ ತುಂಬಿದ್ದವು. ಅಡುಗೆಮನೆಯಲ್ಲಿ ಎಶ್ರಿಖ್‌ನ ಹೆಂಡತಿ ಸೆಲ್ಮಾ ಕಣ್ಣೀರು ಒರೆಸಿಕೊಳ್ಳುತ್ತಾ ಈರುಳ್ಳಿ ಹೆಚ್ಚುತ್ತಿದ್ದಳು.

ಆಲ್ವಿನೆ ಕಿಟಕಿಯ ಬಳಿ ಕೂತು ಎರಡನೆಯ ಸಾಲಿಗೆ ಬಂದಿದ್ದಳು. ನಾರುಗಳ ನಡುವೆ ಒಂದು ನಿಂಬೆಬೀಜ. ಉಸಿರು ಬಿಟ್ಟು, ಕಣ್ಣು ಮುಚ್ಚಿ ತೆರೆದು ಮತ್ತೆ ನೋಡಿದಳು. ಒಳಗೆ ಸುರುಳಿ ಇತ್ತು. ಗಾಳಿಗುಳ್ಳೆಯಲ್ಲ. ಮುಂದಿನ ಚೂರಿನಲ್ಲಿ ಇನ್ನೆರಡು. ಪಕ್ಕದಲ್ಲಿ ಮಾವ ಮುದ್ರೆಗೆ ಶಾಯಿ ಹಚ್ಚಿಕೊಂಡು ಅವಳ ಬೆರಳು ತಗಲುವುದನ್ನೇ ಕಾಯುತ್ತಿದ್ದ.

"ಮಾವ" ಎಂದಳು ಮೆಲ್ಲಗೆ, "ಮುದ್ರೆ ಬೇಡ."

ಟ್ರೌಗೊಟ್‌ನ ಕೈ ಅಲ್ಲೇ ನಿಂತಿತು.

"ಏನಂತೆ ಅಲ್ಲಿ ಗುಸುಗುಸು?" ಎಂದು ಎಶ್ರಿಖ್ ಬಂದ. "ಟ್ರೌಗೊಟಣ್ಣ, ಬೇಗ ಒತ್ತಪ್ಪ. ಜನ ಬೆಂಚು ಕಚ್ಚಿ ತಿನ್ನೋ ಹಾಗಿದ್ದಾರೆ."

"ಹುಳು ಇದೆ" ಎಂದಳು ಆಲ್ವಿನೆ.

"ಯಾರು ಹೇಳಿದ್ದು? ನೀನಾ?" ಎಶ್ರಿಖ್ ಹಿಂದೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ: "ಕೇಳಿದ್ರಾ? ಗೊಂಬೆ ಕಣ್ಣಿನ ಆಲ್ವಿನೆ ಈಗ ಹಂದಿಗೂ ಕಣ್ಣು ಬರೀತಾಳಂತೆ." ಬೆಂಚುಗಳಲ್ಲಿ ನಗೆ ಎದ್ದಿತು. "ಅಣ್ಣ, ನೀನು ನೋಡಿ ಹೇಳು. ನಿನ್ನ ಮಾತಿಗೆ ಮಾತ್ರ ನಾನು ತಲೆ ಬಾಗೋದು."

ಆಗ ಟ್ರೌಗೊಟ್ ಬಗ್ಗಿ, ನೋಡಿದಂತೆ ಮಾಡಿ, ಹೌದು ಹುಳುವಿದೆ ಎಂದು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವನ ಮಾನವೂ ಉಳಿಯುತ್ತಿತ್ತು. ಆಲ್ವಿನೆ ಅದನ್ನೇ ಬೇಡಿಕೊಳ್ಳುತ್ತಾ ಅವನ ಮುಖ ನೋಡಿದಳು. ಅವನು ಮುದ್ರೆಯನ್ನು ಮೇಜಿನ ಮೇಲಿಟ್ಟು, ಬೆರಳಿನ ಶಾಯಿಯನ್ನು ಕೋಟಿಗೆ ಒರೆಸಿಕೊಂಡ.

"ನಾನು ನೋಡಿ ಏನು ಪ್ರಯೋಜ್ನ ಎಶ್ರಿಖ್? ನಂಗೆ ಕಾಣ್ಸೋದಿಲ್ಲ. ಎರಡು ವರ್ಷ ಆಯ್ತು. ಈ ಚಳಿಗಾಲ ಪೂರ್ತಿ ನೋಡಿರೋದು ಇವಳು. ಇವಳು ಇದೆ ಅಂದ್ರೆ ಇದೆ."

ಬೆಂಚುಗಳ ನಗೆ ನಿಂತಿತು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಬ್ಬೊಬ್ಬರೂ ಹೋದ ವರ್ಷ ತಾವು ತಿಂದದ್ದನ್ನು, ತಮ್ಮ ಮಕ್ಕಳಿಗೆ ಬಂದ ಜ್ವರವನ್ನು ನೆನೆದುಕೊಳ್ಳತೊಡಗಿದರು. ಬೈಗುಳ ಶುರುವಾಯಿತು. ಸೌದೆ ಕಡಿಯುವವನು ಎದ್ದು ಬಂದು, "ನನ್ನ ಕೂಸಿಗೂ ಕಣ್ಣು ಮುಚ್ಕೊಂಡೇ ತಿನ್ನಿಸಿದ್ಯಾ?" ಎಂದು ಟ್ರೌಗೊಟ್‌ನ ಕೊರಳಪಟ್ಟಿ ಹಿಡಿದ. ಟ್ರೌಗೊಟ್ ಬಿಡಿಸಿಕೊಳ್ಳಲಿಲ್ಲ.

ಎಶ್ರಿಖ್ ಮಾತ್ರ ಮಾಂಸ ಬಿಟ್ಟುಕೊಡಲು ತಯಾರಿರಲಿಲ್ಲ. ಕುರುಡನ ಮಾತೂ ಬೇಡ, ಹುಡುಗಿಯ ಮಾತೂ ಬೇಡ, ಹಂದಿ ಚಿನ್ನದಂತಿದೆ ಎಂದು ಕೂಗಾಡಿದ. ಸೆಲ್ಮಾ ಬಂದು, ಕಟುಕನ ಕೈಯಿಂದ ಕೊಚ್ಚುವ ಕತ್ತಿ ಕಸಿದುಕೊಂಡು, ಹಂದಿಯನ್ನು ಉಗ್ರಾಣಕ್ಕೆ ಹಾಕಿಸಿ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ದೊಡ್ಡ ಡಾಕ್ಟ್ರು ಬರ್ಲಿ" ಎಂದಳು.

ಮರುದಿನ ಮಧ್ಯಾಹ್ನ, ಹಿಮದ ಮೇಲೆ ಕುದುರೆ ಎಳೆಯುವ ಜಾರುಬಂಡಿಯಲ್ಲಿ ಜಿಲ್ಲಾ ಪಶುವೈದ್ಯ ಕಾಲೆನ್‌ಬಾಖ್ ಬಂದರು. ಗುಂಡಗಿನ ಮೈ, ಮೀಸೆಯಲ್ಲಿ ಹಿಮ. ತಾವೇ ಚೂರುಗಳನ್ನು ಕತ್ತರಿಸಿ, ತಮ್ಮದೇ ಉಪಕರಣದಲ್ಲಿ ತುಂಬಾ ಹೊತ್ತು ನೋಡಿದರು. ತಲೆ ಎತ್ತಿ ಎಶ್ರಿಖ್‌ನನ್ನು ಕರೆದರು. "ನೀವೇ ನೋಡಿ ಬನ್ನಿ. ಇದನ್ನ ಊರಿಗೆಲ್ಲ ಬಡಿಸೋದ್ರಲ್ಲಿದ್ರಿ." ಎಶ್ರಿಖ್ ನೋಡಿದ. ಹೊರಗೆ ಹೋಗಿ ನಿಂತ.

ಹಂದಿಯನ್ನು ಸುಟ್ಟು ಹೂಳಿಸಿದರು. ಹಿಂದಿನ ಚಳಿಗಾಲಗಳ ಮಾಂಸದ ಬಗ್ಗೆ ಹೆದರಿದವರಿಗೆ ವೈದ್ಯರು, ಹುಳು ಇದ್ದಿದ್ದರೆ ಇಷ್ಟು ಹೊತ್ತಿಗೆ ಗೊತ್ತಾಗುತ್ತಿತ್ತು, ನಿಮ್ಮ ಅದೃಷ್ಟ ಎಂದರು. ಅದೃಷ್ಟ ಎಂಬ ಮಾತಿನಿಂದ ಯಾರಿಗೂ ಸಮಾಧಾನವಾಗಲಿಲ್ಲ. ಆ ವಾರ ಯಾರೋ ಟ್ರೌಗೊಟ್‌ನ ಹಿತ್ತಾಳೆ ಬಟ್ಟಲುಗಳನ್ನು ಕಿತ್ತು ಹಿಮದಲ್ಲಿ ಎಸೆದರು. ಆಲ್ವಿನೆ ಹುಡುಕಿ ತಂದು, ಡೊಂಕು ತಟ್ಟಿ, ಮತ್ತೆ ತೂಗುಹಾಕಿದಳು. ಕ್ಷೌರಕ್ಕೆ ಒಬ್ಬರೂ ಬರಲಿಲ್ಲ.

ಫೆಬ್ರವರಿಯಲ್ಲಿ ಇಬ್ಬರಿಗೂ ಪಟ್ಟಣದ ಕಚೇರಿಗೆ ಬರಹೇಳಿದರು. ಟ್ರೌಗೊಟ್‌ನನ್ನು ಕೆಲಸದಿಂದ ತೆಗೆದು ದಂಡ ಹಾಕಿದ್ದರು. ಅವನು ಒಪ್ಪಿಕೊಂಡ. ಆಲ್ವಿನೆ ತನ್ನ ಪಾಲಿನದನ್ನು ತಾನೇ ಹೇಳಿದಳು, ಸೌದೆ ಕಡಿಯುವವನ ಮನೆಯಲ್ಲಿ ಬಾಯಿ ಬಿಡದೆ ನಿಂತದ್ದನ್ನೂ ಸೇರಿಸಿ.

"ಅವತ್ತು ನೀವು ಕೂಗ್ಬೇಕಾಗಿತ್ತು" ಎಂದರು ಕಾಲೆನ್‌ಬಾಖ್.

"ಹೌದು ಡಾಕ್ಟ್ರೇ."

"ಇದನ್ನ ಮರೀಬೇಡಿ." ಆಮೇಲೆ ಅವರು ಎದ್ದು ಬಂದು, ಟ್ರೌಗೊಟ್‌ನ ಗದ್ದ ಹಿಡಿದು ಮುಖವನ್ನು ಕಿಟಕಿಗೆ ತಿರುಗಿಸಿದರು. "ನಾನು ದನದ ಡಾಕ್ಟ್ರು, ಆದ್ರೂ ಇಷ್ಟು ತಿಳಿಯುತ್ತೆ. ಇದು ಪೊರೆ. ವಿಶ್ವವಿದ್ಯಾಲಯದ ಆಸ್ಪತ್ರೇಲಿ ಇದನ್ನ ತೆಗೀತಾರೆ. ನಿಮಗೆ ಯಾರೂ ಹೇಳ್ಲಿಲ್ವಾ?"

"ಯಾರನ್ನ ಕೇಳ್ಲಿ ಸ್ವಾಮಿ?" ಎಂದ ಟ್ರೌಗೊಟ್. "ಕೇಳಿದ್ರೆ ಗೊತ್ತಾಗ್ಬಿಡ್ತಿತ್ತಲ್ಲ."

ಕಾಲೆನ್‌ಬಾಖ್ ಅವನ ಗದ್ದ ಬಿಟ್ಟು ತಮ್ಮ ಕುರ್ಚಿಗೆ ಮರಳಿದರು. ಆಮೇಲೆ ಆಲ್ವಿನೆಯನ್ನು ಕೇಳಿದರು, "ಮುಂದೇನು ಮಾಡ್ತೀರಿ?"

"ಗೊಂಬೆ ಕಣ್ಣು ಬರೀತೀನಿ."

"ನಿಮ್ಮೂರಿಗೆ ಪರೀಕ್ಷಕರು ಬೇಕು. ಬಿತ್ತನೆ ಮುಗಿದ್ಮೇಲೆ ಇಲ್ಲಿನ ಕಸಾಯಿಖಾನೆಗೆ ಬಂದು ಕಲೀರಿ. ಸುಲಭಕ್ಕೆ ಪಾಸು ಮಾಡ್ತೀನಿ ಅಂದ್ಕೋಬೇಡಿ."

"ಹೆಂಗಸ್ರನ್ನ ತಗೋತಾರಾ?"

"ಬರ್ಲಿನ್ನಲ್ಲಿ ಸಾಲುಗಟ್ಟಿ ಕೂತು ನೋಡೋರು ಹೆಂಗಸ್ರೇ. ನೋಡೋರು ಗಂಡೋ ಹೆಣ್ಣೋ ಅಂತ ಹುಳು ಕೇಳೋದಿಲ್ಲ."

ಆದರೆ ಊರಿನ ಪಂಚಾಯಿತಿ ಒಪ್ಪಬೇಕಾಗಿತ್ತು. ಪಂಚಾಯಿತಿ ಸೇರುತ್ತಿದ್ದದ್ದು ಎಶ್ರಿಖ್‌ನ ಅಂಗಡಿಯಲ್ಲೇ, ಅವನೂ ಅದರ ಸದಸ್ಯ. ಪಂಚಾಯಿತಿ ಸೇರಿದ ಸಂಜೆ ಸೆಲ್ಮಾ ಬಟ್ಟೆ ಮಡಿಚುವ ನೆಪದಲ್ಲಿ ಆಲ್ವಿನೆಯನ್ನು ಅಡುಗೆಮನೆಗೆ ಕರೆಸಿಕೊಂಡಳು. ಬಿಯರ್ ಕೊಡುವ ಕಿಂಡಿಯಿಂದ ಎಲ್ಲ ಕೇಳುತ್ತಿತ್ತು. ಮೋಸ ಮಾಡಿದ ಮನೆಗೇ ಮತ್ತೆ ಮುದ್ರೆ ಕೊಡುವುದೇ ಎಂದು ಒಬ್ಬ ಕೇಳಿದ. ಹೆಂಗಸಿಗೆ ಇದೆಲ್ಲ ಸರಿಹೋಗುವುದಿಲ್ಲ ಎಂದ ಎಶ್ರಿಖ್. ಪಕ್ಕದೂರಿನವನನ್ನು ಕರೆಸೋಣ ಎಂಬ ಕಡೆಗೆ ಮಾತು ವಾಲಿತು.

ಸೆಲ್ಮಾ ಬಿಯರ್ ಲೋಟಗಳನ್ನು ಹಿಡಿದು ಹೊರಗೆ ಹೋದಳು. ಒಂದೊಂದನ್ನೂ ಮೇಜಿಗೆ ಕುಕ್ಕಿ ಇಡುತ್ತಾ ಹೇಳಿದಳು:

"ನಾನು ಮಾತಾಡೋ ಹಾಗಿಲ್ಲ, ಗೊತ್ತು. ಲೋಟ ಇಟ್ಟು ಹೋಗ್ತೀನಿ. ಅವತ್ತು ಬ್ರೆಡ್ಡಿಗೆ ಈರುಳ್ಳಿ ಹೆಚ್ಚಿಟ್ಟೋಳು ನಾನು. ನನ್ನ ಮೂರು ಮಕ್ಕಳೂ ಒಲೆ ಮುಂದೆ ತಟ್ಟೆ ಹಿಡ್ಕೊಂಡು ಕೂತಿದ್ವು. ನಿಮ್ಮ ಮಕ್ಕಳೂ ಇದ್ರು. ಮಾವನ ಮಾನ ಹೋದ್ರೂ ಹೋಗ್ಲಿ ಅಂತ ಆ ಹುಡುಗಿ ಬಾಯಿ ಬಿಟ್ಳು. ತನ್ನ ಮಾನ ಹೋಗುತ್ತೆ ಅಂತ ಗೊತ್ತಿದ್ದೂ ಆ ಮುದುಕ ನಿಜ ಹೇಳ್ದ. ನಿಮ್ಮಲ್ಲಿ ಎಷ್ಟು ಜನ ಹೇಳ್ತಿದ್ರಿ?" ಕೊನೆಯ ಲೋಟವನ್ನು ಗಂಡನ ಮುಂದೆ ಇಟ್ಟಳು. "ಪಕ್ಕದೂರಿನವನು ಹಿಮ ಬಿದ್ದಾಗ ಬರ್ತಾನಾ? ಬರೋದಿಲ್ಲ. ಆಗ ನೀವೆಲ್ಲ ಹಸಿವು ತಡೀಲಾರ್ದೆ ಕೊಚ್ಚಿ ತಿಂತೀರಿ. ನಾನು ಹೆತ್ತ ಮಕ್ಕಳನ್ನ ಅದಕ್ಕೆ ಕೊಡೋಕೆ ತಯಾರಿಲ್ಲ."

ಆಮೇಲೆ ಸೌದೆ ಕಡಿಯುವವನ ದನಿ: "ಅವಳು ಕಲಿತು ಬರ್ಲಿ. ಪಾಸಾಗದಿದ್ರೆ ಆಗ ನೋಡೋಣ." ಆಲ್ವಿನೆ ಮಡಿಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಚುತ್ತಿದ್ದಳು. ಒಳಗೆ ಬಂದ ಸೆಲ್ಮಾ ಅದನ್ನು ಕಂಡು, "ಇಲ್ಲಿ ಕೊಡು, ಸುಕ್ಕು ಮಾಡ್ತಿದ್ದೀಯ" ಎಂದಳು.

ಕಸಾಯಿಖಾನೆಯ ದಿನಗಳು ಸಲೀಸಾಗಿರಲಿಲ್ಲ. ಜೊತೆಗೆ ಕಲಿಯುತ್ತಿದ್ದವರೆಲ್ಲ ಗಂಡಸರು. ಒಬ್ಬ ಗೊಂಬೆಯ ತಲೆಯೊಂದನ್ನು ತಂದು ಅವಳ ಮೇಜಿನ ಮೇಲಿಟ್ಟು ಹೋದ. ಅವಳು ಅದರ ಕಣ್ಣು ನೋಡಿ, "ಇದು ನಮ್ಮ ಊರಿಂದಲ್ಲ, ರೆಪ್ಪೆ ಒರಟಾಗಿದೆ" ಎಂದು ಹಿಂದಿರುಗಿಸಿದಳು. ಮೊದಲನೆಯ ಸಲದ ಪರೀಕ್ಷೆಯಲ್ಲಿ ಅವಳು ತಪ್ಪಿದಳು. ಸುಣ್ಣಗಟ್ಟಿದ ಹಳೆಯ ಹುಳುವನ್ನು ಮೂಳೆಯ ಚೂರೆಂದು ಹೇಳಿಬಿಟ್ಟಿದ್ದಳು. ಕಾಲೆನ್‌ಬಾಖ್ ಮುಲಾಜಿಲ್ಲದೆ ಹಿಂದಕ್ಕೆ ಕಳಿಸಿದರು. ಇನ್ನಷ್ಟು ದಿನ ಕೂತು, ಕಲಿತು, ಎರಡನೆಯ ಸಲ ಪಾಸಾದಳು. ಮುದ್ರೆಯನ್ನು ಅವಳ ಕೈಗಿಟ್ಟ ಗುಮಾಸ್ತ ಅಭ್ಯಾಸಬಲದಿಂದ "ಬನ್ನಿ ಸಾರ್" ಎಂದು ನಾಲಿಗೆ ಕಚ್ಚಿಕೊಂಡ.

ಆ ಬೇಸಿಗೆಯಲ್ಲೇ ಟ್ರೌಗೊಟ್‌ನ ಬಲಗಣ್ಣಿನ ಪೊರೆ ತೆಗೆದರು. ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಬಾಟಲಿಯ ತಳದಷ್ಟು ದಪ್ಪದ ಕನ್ನಡಕ ಹಾಕಿಸಿದಾಗ ಅವನು ಮೊದಲು ನೋಡಿದ್ದು ಹಾಸಿಗೆಯ ಪಕ್ಕ ಕೂತಿದ್ದ ಸೊಸೆಯನ್ನು.

"ನಿನ್ನ ತಲೇಲಿ ಬಿಳಿಕೂದ್ಲು ಯಾವಾಗ ಬಂತೇ?" ಎಂದ.

"ನೀನು ನೋಡದೆ ಇದ್ದಾಗ" ಎಂದಳು ಅವಳು, ಮತ್ತು ಆಸ್ಪತ್ರೆಯ ಆ ದೊಡ್ಡ ಕೋಣೆಯಲ್ಲಿ ಎಲ್ಲರೆದುರು ಅಳುತ್ತಾ ನಕ್ಕಳು.

ಮುದ್ರೆಯ ಕೆಲಸ ಅವನಿಗೆ ಮತ್ತೆ ಸಿಗಲಿಲ್ಲ, ಅವನು ಕೇಳಲೂ ಇಲ್ಲ. ಕತ್ತಿ ಮಾತ್ರ ಮತ್ತೆ ಹಿಡಿದ. ಮೊದಲು ಬಂದವನು ಸೌದೆ ಕಡಿಯುವವನು. ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚದೆ, ಕನ್ನಡಿಯಲ್ಲಿ ಕತ್ತಿಯನ್ನೇ ನೋಡುತ್ತಿದ್ದ. ಕ್ಷೌರ ಮುಗಿದಾಗ ಕೆನ್ನೆ ತಡವಿಕೊಂಡು, "ಪರ್ವಾಗಿಲ್ಲ" ಎಂದ. ನಿಧಾನವಾಗಿ ಉಳಿದವರೂ ಬಂದರು. ಎಲ್ಲರೂ ಬಂದರೆಂದು ಹೇಳಲಾಗದು. ಕೆಲವರು ಕೊನೆಯವರೆಗೂ ಪಕ್ಕದೂರಿಗೇ ಹೋಗಿ ಗಡ್ಡ ಹೆರೆಸಿಕೊಂಡರು.

ಹೊಸ ಚಳಿಗಾಲದ ಮೊದಲ ಹಂದಿ ಊರಿನ ಮೇಲ್ಗಡೆಯ ನೇಕಾರ ವಿಧವೆಯೊಬ್ಬಳದು. ಆಲ್ವಿನೆ ಒಬ್ಬಳೇ ಪೆಟ್ಟಿಗೆ ಹೊತ್ತು ಹೋದಳು. ಕಿಟಕಿಗೆ ಮೇಜು ಎಳೆದು, ಕನ್ನಡಿ ತಿರುಗಿಸಿ, ಚೂರುಗಳನ್ನು ಒಂದೊಂದಾಗಿ ನೋಡಿದಳು. ಹೊರಗೆ ನೆರೆಯವರು ಕಾಲು ಕುಟ್ಟುತ್ತಾ ನಿಂತಿದ್ದರು.

"ಇಷ್ಟು ಹೊತ್ತಾ?" ಎಂದು ವಿಧವೆ ಬಾಗಿಲಿನಿಂದ ಇಣುಕಿದಳು. "ನಿಮ್ಮ ಮಾವ ಆಗಿದ್ರೆ ಇಷ್ಟೊತ್ತಿಗೆ ಮುಗಿಸ್ತಿದ್ರು."

"ಅದಕ್ಕೇ ನನ್ನನ್ನ ಕಳ್ಸಿದ್ದಾರೆ" ಎಂದಳು ಆಲ್ವಿನೆ ತಲೆ ಎತ್ತದೆ. "ಇನ್ನೊಂದು ಸಾಲಿದೆ. ಈರುಳ್ಳಿ ಹೆಚ್ಚಿಟ್ಕೊಳ್ಳಿ."

ವಿಧವೆ ನಕ್ಕು ಒಳಗೆ ಹೋದಳು. ಆಲ್ವಿನೆ ಕೊನೆಯ ಸಾಲನ್ನು ನೋಡಿ ಮುಗಿಸಿ, ಹಂದಿಯ ತೊಡೆಗೆ ತಾನೇ ಮುದ್ರೆ ಒತ್ತಿದಳು. ನಂತರದ ಅನೇಕ ಚಳಿಗಾಲಗಳಲ್ಲಿ, ಯುದ್ಧದ ಹಸಿವಿನ ವರ್ಷಗಳಲ್ಲೂ, ಟಾನ್‌ಗ್ರುಂಟಿನ ಮೂರು ಇಳಿಜಾರುಗಳಲ್ಲಿ ಆ ಪೆಟ್ಟಿಗೆ ಹೊತ್ತು ನಡೆದವಳು ಅವಳೇ. ಗೊಂಬೆಯ ಬುಟ್ಟಿಯನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟಿದ್ದಳು. ಆ ದಿನ ವಿಧವೆಯ ಮನೆಯಿಂದ ಹೊರಟಾಗ ಇನ್ನೂ ಎರಡು ಮನೆಗಳವರು ಅವಳಿಗಾಗಿ ಕಾಯುತ್ತಿದ್ದರು, ಹಿಮ ಬೀಳಲು ಶುರುವಾಗಿತ್ತು. ಅವಳು ಪೆಟ್ಟಿಗೆಯ ಪಟ್ಟಿಯನ್ನು ಹೆಗಲಿಗೆ ಸರಿಪಡಿಸಿಕೊಂಡು ಬೇಗಬೇಗ ಹೆಜ್ಜೆ ಹಾಕಿದಳು.